ಚುಕ್ಕೆಯ ಆಚೆ ಕಳೆದುಹೋದ 33 ಸೆಂಟ್

ಕಳೆದ ದೀಪಾವಳಿ ರಜೆಗೆ ಊರಿಗೆ ಹೋದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಲೆಕ್ಕ ನಡೆದಿತ್ತು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಊರಿನ ಹಿರಿಯರೊಬ್ಬರು ಪೆನ್ನು ಹಿಡಿದು ಕೂತಿದ್ದರು. ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು, ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದಳು. ಹೊಲ ಪಾಲಾಗಬೇಕಿತ್ತು. ಪಾಲುದಾರರು ಮೂವರು: ದೊಡ್ಡಪ್ಪ, ಅಪ್ಪ, ಅತ್ತೆ. 2005ರ ಕಾನೂನು ತಿದ್ದುಪಡಿಯ ನಂತರ ಮಗಳಿಗೂ ಸಮಪಾಲು ಎಂಬುದು ಈಗ ನಮ್ಮ ಹಳ್ಳಿಗೂ ಗೊತ್ತಿರುವ ಮಾತು. ಹಾಗಾಗಿ ಮೂವರಿಗೂ ಸಮ ಎನ್ನುವುದರಲ್ಲಿ ಯಾರ ತಕರಾರೂ ಇರಲಿಲ್ಲ. ತಕರಾರೇ ಇಲ್ಲದ ಆ ಸಭೆಯಲ್ಲಿ ಅತ್ತೆಯ ಪಾಲಿನಿಂದ 11 ಸೆಂಟ್ ಜಮೀನು ಸದ್ದಿಲ್ಲದೆ ಕರಗಿಹೋಗುವುದರಲ್ಲಿತ್ತು. ಆ ಲೆಕ್ಕ ಸರಿ ಇದೆ ಎಂದು ಮೊಬೈಲ್ ನೋಡಿ ಹೇಳಿದವಳು ನಾನೇ.

ನಮ್ಮ ಹೊಲ ಎರಡು ಕಡೆ ಇದೆ. ಒಂದು ಊರಲ್ಲೇ, ಕೊಟ್ಟೂರು ತಾಲ್ಲೂಕಿನ ಉಜ್ಜಿನಿ ಸೀಮೆಯಲ್ಲಿ. ಇನ್ನೊಂದು ಗಡಿ ದಾಟಿದರೆ ಸಿಗುವ ಜಗಳೂರು ತಾಲ್ಲೂಕಿನಲ್ಲಿ, ಅಜ್ಜ ಒಂದು ಕಾಲದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡದ್ದು. ಊರಿನ ಹೊಲದ ಪಹಣಿಯಲ್ಲಿ 3.45 ಎಂದಿತ್ತು. ಜಗಳೂರಿನ ಪಹಣಿಯಲ್ಲಿ 2.22 ಎಂದಿತ್ತು. ಹಿರಿಯರು ಎರಡನ್ನೂ ಒಂದರ ಕೆಳಗೊಂದು ಬರೆದು ಗೆರೆ ಎಳೆದರು. ಒಟ್ಟು 5.67. ಮೂರರಿಂದ ಭಾಗಿಸಿದರೆ ತಲಾ 1.89.

‘ಏನವ್ವಾ ಇಂಜಿನಿಯರು, ಸರೀನಾ ನೋಡು’ ಎಂದರು. ನಾನು ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಒತ್ತಿದೆ. 5.67. ಭಾಗಿಸು ಮೂರು. 1.89. ‘ಸರಿ ಐತೆ’ ಎಂದೆ.

ಅದರಂತೆ ಪಾಲೂ ಆಯಿತು. ಅತ್ತೆಗೆ ಊರ ಹೊಲದಲ್ಲಿ 1 ಎಕರೆ 89 ಸೆಂಟ್. ಅದೇ ಹೊಲದಲ್ಲಿ ಉಳಿದ 1 ಎಕರೆ 56 ಸೆಂಟ್ ಅಪ್ಪನಿಗೆ. ಅಪ್ಪನಿಗೆ ಕಡಿಮೆ ಬಿದ್ದ 33 ಸೆಂಟನ್ನು ಜಗಳೂರಿನ ಹೊಲದಲ್ಲಿ ಬಿಡಿಸಿಕೊಡುವುದು. ಅಲ್ಲಿ ಮಿಕ್ಕಿದ್ದೆಲ್ಲ ದೊಡ್ಡಪ್ಪನಿಗೆ. ಎಲ್ಲರೂ ಚಹಾ ಕುಡಿದು ಎದ್ದರು.

ಟ್ರ್ಯಾಕ್ಟರ್‌ ಬಾಡಿಗೆ ಹೇಳಿದ ಲೆಕ್ಕ

ರಾತ್ರಿ ಊಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದಾಗ ಅತ್ತೆ ಒಂದು ಮಾತು ಅಂದಳು. ‘ಅಲ್ಲವ್ವಾ, ಜಗಳೂರು ಹೊಲ ಹೊಡ್ಯಾಕೆ ಬರೋ ಟ್ರ್ಯಾಕ್ಟರ್‌ನವ್ನು ನಿಮ್ಮಜ್ಜನ ಹತ್ರ ಯಾವಾಗ್ಲೂ ಎರಡೂವರೆ ಎಕ್ರೆ ಬಾಡಿಗೆ ಇಸ್ಕೊತಿದ್ದ. ನಿಮ್ಮಜ್ಜ ಒಂದು ರೂಪಾಯಿ ಜಾಸ್ತಿ ಬಿಡೋನಲ್ಲ. ಈಗ ಎರಡೂ ಕಾಲಿಗಿಂತ ಕಡಿಮಿ ಆತಲ್ಲ, ಹೆಂಗೆ?’

ಅವಳು ಜಗಳ ತೆಗೆಯಲು ಕೇಳಿದ್ದಲ್ಲ. ಸುಮ್ಮನೆ ನೆನಪಾದದ್ದನ್ನು ಹೇಳಿ ಒಳಗೆ ಹೋದಳು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಎದ್ದು ಪಹಣಿಗಳ ನಕಲು ತೆಗೆದು ನೋಡಿದೆ. ಊರಿನ ಪಹಣಿಯಲ್ಲಿ ಅಳತೆ ಎಕರೆ ಮತ್ತು ಸೆಂಟ್‌ನಲ್ಲಿತ್ತು. ಜಗಳೂರಿನದರಲ್ಲಿ ಎಕರೆ ಮತ್ತು ಗುಂಟೆಯಲ್ಲಿತ್ತು. ಎರಡರಲ್ಲೂ ನಡುವೆ ಇದ್ದದ್ದು ಒಂದೇ ತರದ ಚುಕ್ಕೆ.

ಒಂದು ಎಕರೆಗೆ 100 ಸೆಂಟ್. ಅದೇ ಎಕರೆಗೆ 40 ಗುಂಟೆ. ಅಂದರೆ 3.45 ಎಂದರೆ ಮೂರು ಎಕರೆ ಮತ್ತು ಎಕರೆಯ 45/100 ಭಾಗ. 2.22 ಎಂದರೆ ಎರಡು ಎಕರೆ ಮತ್ತು ಎಕರೆಯ 22/40 ಭಾಗ. ಐದನೇ ತರಗತಿಯ ಹುಡುಗ ಕೂಡ ‘ಛೇದ ಬೇರೆ ಬೇರೆ ಇದ್ದರೆ ಹಾಗೇ ಕೂಡಬಾರದು’ ಎನ್ನುತ್ತಾನೆ. ಆದರೆ ನಮ್ಮ ಮುಂದೆ ಛೇದ ಕಾಣಿಸುತ್ತಲೇ ಇರಲಿಲ್ಲ, ಚುಕ್ಕೆ ಅದನ್ನು ಮುಚ್ಚಿಟ್ಟಿತ್ತು. ಬಿಇ ಐದನೇ ಸೆಮಿಸ್ಟರ್‌ನಲ್ಲಿ ಫೋರಿಯರ್ ಸರಣಿ ಬಿಡಿಸುವ ನಾನು 45ಕ್ಕೆ 22 ಕೂಡಿಸಿ 67 ಎಂದಿದ್ದೆ.

ಸರಿಯಾಗಿ ಮಾಡೋಣ. 100 ಮತ್ತು 40ರ ಲ.ಸಾ.ಅ. 200. ಹಾಗಾಗಿ 45/100 ಎಂದರೆ 90/200. 22/40 ಎಂದರೆ 110/200. ಕೂಡಿದರೆ 200/200, ಅಂದರೆ ಪೂರ್ತಿ ಒಂದು ಎಕರೆ! ಮೂರು, ಎರಡು, ಮೇಲೊಂದು: ನಮ್ಮ ಹೊಲ ಒಟ್ಟು ಸರಿಯಾಗಿ ಆರು ಎಕರೆ. ತಲಾ ಎರಡು ಎಕರೆ. ಹಿರಿಯರ ಲೆಕ್ಕದಲ್ಲಿ 5.67 ಬಂದದ್ದರಿಂದ 33 ಸೆಂಟ್ ಲೆಕ್ಕದಿಂದಲೇ ಬಿದ್ದುಹೋಗಿತ್ತು. ಕಳೆದು ನೋಡಿದರೂ ಅದೇ ಬರುತ್ತದೆ. 22 ಗುಂಟೆಯನ್ನು ನಾವು 22 ಸೆಂಟ್ ಎಂದು ಓದಿದ್ದೆವು. 22/40ರಿಂದ 22/100 ಕಳೆಯಿರಿ: 110/200ರಿಂದ 44/200 ಹೋದರೆ 66/200, ಅಂದರೆ 33/100. ಆ 33 ಸೆಂಟ್.

ಜಮೀನು ಎಲ್ಲಿಗೂ ಹಾರಿಹೋಗುವುದಿಲ್ಲ. ಲೆಕ್ಕದಿಂದ ಬಿದ್ದದ್ದು ‘ಮಿಕ್ಕಿದ್ದೆಲ್ಲ’ ಪಡೆದವರಿಗೆ ಸೇರುತ್ತದೆ. ಜಗಳೂರಿನ ಹೊಲ ನಿಜದಲ್ಲಿ 2 ಎಕರೆ 55 ಸೆಂಟ್. ಅದರಲ್ಲಿ ಅಪ್ಪನ 33 ಸೆಂಟ್ ಹೋದರೆ ದೊಡ್ಡಪ್ಪನಿಗೆ 2 ಎಕರೆ 22 ಸೆಂಟ್. ಅತ್ತೆಗೂ ಅಪ್ಪನಿಗೂ 1 ಎಕರೆ 89 ಸೆಂಟ್. ಒಂದು ಸೆಂಟ್ ಎಂದರೆ 435.6 ಚದರ ಅಡಿ. ತಲಾ 11 ಸೆಂಟ್ ಎಂದರೆ ಸುಮಾರು 4,800 ಚದರ ಅಡಿ. 30x40ರ ನಾಲ್ಕು ಸೈಟು.

ದೊಡ್ಡಪ್ಪನಿಗೆ ಮೋಸದ ಉದ್ದೇಶ ಇರಲಿಲ್ಲ. ಪೆನ್ನು ಹಿಡಿದ ಹಿರಿಯರಿಗೂ ಇರಲಿಲ್ಲ. ಆದರೆ ನನ್ನ ಮೊದಲ ವರ್ಷದ ಕಾಲೇಜು ಫೀಸಿಗೆ ಅರ್ಧ ಹಣ ಕೊಟ್ಟವರು ಇದೇ ದೊಡ್ಡಪ್ಪ. ‘ನಿಮಗೆ 22 ಸೆಂಟ್ ಜಾಸ್ತಿ ಬಂದಿದೆ, ಬಿಟ್ಟುಕೊಡಿ’ ಎಂದು ಅವರ ಮುಂದೆ ಹೇಳುವುದು ಹೇಗೆ?

ಒಂದೇ ಎಕರೆಗೆ ಎರಡು ಛೇದ ಏಕೆ?

ಆ ರಾತ್ರಿ ನನ್ನನ್ನು ಕಾಡಿದ ಇನ್ನೊಂದು ಪ್ರಶ್ನೆ ಇದು. ಊರಿಂದ ಬೈಕಿನಲ್ಲಿ ಹೋಗಿಬರುವಷ್ಟು ದೂರದ ಎರಡು ಹೊಲಕ್ಕೆ ಎರಡು ಅಳತೆ ಯಾಕೆ? ಉತ್ತರ ಚರಿತ್ರೆಯಲ್ಲಿದೆ. ಶಾಸನಗಳು ‘ಕೋಗಳಿ ಐನೂರು’ ಎಂದು ಕರೆಯುವ ನಾಡು ನಮ್ಮದು. ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಪ್ರಾಂತ್ಯವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅಲ್ಲಿಂದ ನಾವು ಮದ್ರಾಸ್ ಪ್ರೆಸಿಡೆನ್ಸಿಯವರಾದೆವು. ಮದ್ರಾಸಿನವರು ಎಕರೆಯನ್ನು ನೂರು ಮಾಡಿ ಸೆಂಟ್ ಎಂದರು.

ಜಗಳೂರು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಅಲ್ಲಿ ಬಾಂಬೆ ಮಾದರಿಯ ಗುಂಟೆ ಬಂತು. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ. ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ 43,560 ಚದರ ಅಡಿಯ ಎಕರೆ. ಗುಂಟೆಯ ಒಳಗೆ ಮತ್ತೆ 16 ಆಣೆ. ಹೀಗೆ ಗಡಿಯ ಈ ಕಡೆ ಛೇದ 100, ಆ ಕಡೆ ಛೇದ 40.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರಿನ ಜೊತೆಗೆ ನಮ್ಮ ಹರಪನಹಳ್ಳಿಯೂ ಅದಕ್ಕೆ ಹೋಯಿತು, ಆಮೇಲೆ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಈ ಐದೂ ತಾಲ್ಲೂಕುಗಳು ಅದರೊಳಗೆ ಬಂದವು. ನಕ್ಷೆಯ ಗೆರೆಗಳು ಇಷ್ಟು ಸಲ ಬದಲಾದರೂ ನಮ್ಮ ಪಹಣಿಯಲ್ಲಿ ಮದ್ರಾಸಿನ ಸೆಂಟ್ ಕೂತೇ ಇದೆ, ಜಗಳೂರಿನ ಪಹಣಿಯಲ್ಲಿ ಗುಂಟೆ ಕೂತೇ ಇದೆ. ಗಡಿಯಲ್ಲಿ ಬೀಗತನ ಮಾಡುವವರು, ಹೊಲ ಕೊಳ್ಳುವವರು, ಬ್ಯಾಂಕ್ ಸಾಲಕ್ಕೆ ಹೋಗುವವರು ಈ ಎರಡು ಛೇದಗಳ ನಡುವೆಯೇ ಓಡಾಡುತ್ತಿದ್ದಾರೆ.

ಅಜ್ಜಿಗೆ ಗೊತ್ತಿದ್ದ ಗಣಿತ

ಭಿನ್ನರಾಶಿ ಎಂದರೆ ಹೆದರುವ ನಾವು ಕನ್ನಡದ ಪದಗಳನ್ನೇ ಸರಿಯಾಗಿ ಕೇಳಿಸಿಕೊಂಡಿಲ್ಲ ಎನಿಸುತ್ತದೆ. ‘ಮುಕ್ಕಾಲು’ ಎಂದರೆ ಮೂರು ಕಾಲು. ಎಷ್ಟು ತುಂಡು ಎಂಬುದನ್ನು ‘ಮೂರು’ ಹೇಳುತ್ತದೆ, ಎಂಥ ತುಂಡು ಎಂಬುದನ್ನು ‘ಕಾಲು’ ಹೇಳುತ್ತದೆ. ಅಂಶವೂ ಛೇದವೂ ಒಂದೇ ಪದದಲ್ಲಿವೆ. ಅರ್ಧಕ್ಕೆ ಕಾಲು ಸೇರಿಸಿದರೆ ಎಷ್ಟು ಎಂದು ಯಾವ ಅಜ್ಜಿಯನ್ನು ಕೇಳಿದರೂ ಮುಕ್ಕಾಲು ಎನ್ನುತ್ತಾಳೆ. ಅವಳು ಮನಸ್ಸಿನಲ್ಲೇ ಅರ್ಧವನ್ನು ಎರಡು ಕಾಲು ಮಾಡಿಕೊಂಡಳು, ಅದಕ್ಕೆ ಇನ್ನೊಂದು ಕಾಲು ಸೇರಿಸಿದಳು. ಛೇದ ಸಮ ಮಾಡುವುದು ಎಂದರೆ ಇಷ್ಟೇ. ಎರಡೂ ತುಂಡುಗಳನ್ನು ಒಂದೇ ಹೆಸರಿನಿಂದ ಕರೆಯುವಂತೆ ಮಾಡಿಕೊಳ್ಳುವುದು.

ಅಜ್ಜಿಗೆ ಇದು ಸುಲಭವಾದದ್ದಕ್ಕೆ ಕಾರಣವೂ ಇದೆ. ಹಳೆಯ ಅಳತೆಗಳೆಲ್ಲ ಅರ್ಧ ಮಾಡುತ್ತಾ ಹೋದವು. ಸೇರು, ಅಚ್ಚೇರು, ಪಾವು, ಕೊನೆಗೆ ಸೇರಿನ ಹದಿನಾರರ ಒಂದು ಭಾಗ ಚಟಾಕು. ರೂಪಾಯಿಗೆ 16 ಆಣೆ. ದೊಡ್ಡ ಅಳತೆಯಲ್ಲಿ ಚಿಕ್ಕದು ಸರಿಯಾಗಿ ಇಷ್ಟು ಸಲ ಎಂದು ಕೂರುತ್ತಿತ್ತು. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾಪೈಸೆ ಆದಾಗ ನಾಲ್ಕಾಣೆ 25 ಪೈಸೆ ಎಂದು ಸರಿಹೋಯಿತು, ಒಂದಾಣೆ ಮಾತ್ರ ಆರೂ ಕಾಲು ಪೈಸೆಯಾಯಿತು. ಹದಿನಾರು ನೂರರೊಳಗೆ ಸರಿಯಾಗಿ ಕೂರುವುದಿಲ್ಲವಲ್ಲ. ನಲವತ್ತೂ ನೂರರೊಳಗೆ ಕೂರುವುದಿಲ್ಲ. ಎಡವುವುದು ಇಲ್ಲೇ. ಒಂದು ಛೇದ ಇನ್ನೊಂದರೊಳಗೆ ಕೂರದಿದ್ದಾಗ ಎರಡೂ ಕೂರುವಂಥ ಮೂರನೆಯದನ್ನು ಹುಡುಕಬೇಕು.

ಆ ಮೂರನೆಯದನ್ನು ಹುಡುಕುವ ದಾರಿಯನ್ನು ಬರೆದಿಟ್ಟವರು ಕನ್ನಡ ನಾಡಿನವರೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಭಿನ್ನರಾಶಿಗಳ ಅಧ್ಯಾಯಕ್ಕೆ ಅವರು ಇಟ್ಟ ಹೆಸರು ‘ಕಲಾಸವರ್ಣ’. ಕಲಾ ಎಂದರೆ ಭಾಗ, ಸವರ್ಣ ಎಂದರೆ ಒಂದೇ ಬಣ್ಣದ್ದು, ಒಂದೇ ಜಾತಿಯದು. ತುಂಡುಗಳನ್ನು ಒಂದೇ ಬಣ್ಣಕ್ಕೆ ತರುವುದು! ಭಿನ್ನರಾಶಿ ಕೂಡುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವೇ?

ಛೇದಗಳನ್ನು ನೇರವಾಗಿ ಗುಣಿಸಿದರೂ ಲೆಕ್ಕ ತಪ್ಪಾಗುವುದಿಲ್ಲ. 100 ಮತ್ತು 40 ಗುಣಿಸಿದರೆ 4,000. ಅದನ್ನೇ ಛೇದ ಮಾಡಿಕೊಂಡರೂ ಉತ್ತರ ಬರುತ್ತದೆ, ಸಂಖ್ಯೆಗಳು ಮಾತ್ರ ಊದಿಕೊಳ್ಳುತ್ತವೆ. ಮಹಾವೀರಾಚಾರ್ಯರು ಅದನ್ನು ತಪ್ಪಿಸುವ ಸಂಖ್ಯೆಗೆ ‘ನಿರುದ್ಧ’ ಎಂದು ಹೆಸರಿಟ್ಟರು. ಅದೇ ನಾವು ಹೇಳುವ ಲ.ಸಾ.ಅ. ಛೇದಗಳ ಸಾಮಾನ್ಯ ಅಪವರ್ತನವನ್ನು ಹೊರಗೆ ತೆಗೆ, ಉಳಿದ ಭಾಗಲಬ್ಧಗಳನ್ನು ಅದರ ಜೊತೆ ಗುಣಿಸು, ಇದು ಅವರ ಕ್ರಮ. ನಮ್ಮ ಹೊಲಕ್ಕೆ ಹಚ್ಚಿ ನೋಡಿ. 40 ಮತ್ತು 100ಕ್ಕೆ ಸಾಮಾನ್ಯವಾದದ್ದು 20. ಭಾಗಿಸಿದರೆ ಉಳಿಯುವುದು 2 ಮತ್ತು 5. 20, 2, 5 ಗುಣಿಸಿದರೆ 200. ಹನ್ನೊಂದು ಶತಮಾನಗಳ ಹಿಂದಿನ ಸೂತ್ರ ಅತ್ತೆಯ ಪಾಲಿಗೆ ನೇರವಾಗಿ ಬಂದು ಕೂತಿತು.

ಅದೇ ಪುಸ್ತಕದಲ್ಲಿ ಒಂದು ಮುತ್ತಿನ ಹಾರದ ಲೆಕ್ಕವಿದೆ. ಹಾರ ಹರಿದು ಮುತ್ತುಗಳ ಮೂರನೇ ಒಂದು ಭಾಗ ದಾಸಿಯ ಕೈ ಸೇರುತ್ತದೆ, ಆರನೇ ಒಂದು ಭಾಗ ಹಾಸಿಗೆಯ ಮೇಲೆ ಬೀಳುತ್ತದೆ. ಉಳಿದದ್ದರ ಅರ್ಧ, ಅದರಲ್ಲಿ ಉಳಿದದ್ದರ ಅರ್ಧ, ಹೀಗೆ ಆರು ಸಲ ಚೆಲ್ಲಿಹೋಗಿ ಕೊನೆಗೆ ದಾರದಲ್ಲಿ 1,161 ಮುತ್ತು ಉಳಿಯುತ್ತವೆ. ಮೊದಲು ಎಷ್ಟಿದ್ದವು? 1/3 ಮತ್ತು 1/6 ಕೂಡಿದರೆ 2/6 ಮತ್ತು 1/6, ಅಂದರೆ ಅರ್ಧ ಎಂದು ಹೊಳೆದರೆ ದಾರಿ ತೆರೆಯಿತು. ಉಳಿದ ಅರ್ಧವನ್ನು ಆರು ಸಲ ಅರ್ಧ ಮಾಡಿದ್ದಾರೆ, ಆದ್ದರಿಂದ 1,161ನ್ನು 64ರಿಂದ ಗುಣಿಸಿ, ಅದನ್ನು ಇಮ್ಮಡಿ ಮಾಡಿ. 1,48,608 ಮುತ್ತು. ನಮ್ಮ ಲ್ಯಾಬಿನಲ್ಲಿ 3 ಓಮ್ ಮತ್ತು 6 ಓಮ್ ರೆಸಿಸ್ಟರುಗಳನ್ನು ಸಮಾಂತರವಾಗಿ ಜೋಡಿಸಿದಾಗ 2 ಓಮ್ ಬರುವುದೂ ಇದೇ ಕೂಡಿಕೆಯಿಂದ. 1/3 ಮತ್ತು 1/6 ಸೇರಿ 1/2. ಹಾರಕ್ಕೂ ಸರ್ಕ್ಯೂಟಿಗೂ ಒಂದೇ ಲೆಕ್ಕ.

ದೊಡ್ಡಪ್ಪನ ಮುಂದೆ 200 ಚೌಕ

ಬೆಳಿಗ್ಗೆ ಮೊದಲು ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮದು ಹೋಗ್ಲಿ ಬಿಡು, ಅಣ್ಣಂದೇ ಅಲ್ವಾ. ಆದ್ರೆ ನಿಮ್ಮತ್ತೆದು ಹೋಗಬಾರದು. ನೀನೇ ಹೇಳು’ ಎಂದರು. ನನ್ನ ಕಾಲು ನಡುಗುತ್ತಿದ್ದವು.

ದೊಡ್ಡಪ್ಪನಿಗೆ ಭಿನ್ನರಾಶಿ ಬರೆದು ತೋರಿಸಿದರೆ ಪ್ರಯೋಜನವಿರಲಿಲ್ಲ. ಮೊಬೈಲ್ ತೋರಿಸುವಂತೆಯೂ ಇರಲಿಲ್ಲ, ಹಿಂದಿನ ದಿನ ಅದೇ ಮೊಬೈಲ್ ನೋಡಿ ನಾನು ಸರಿ ಎಂದಿದ್ದೆ. ಒಂದು ಗ್ರಾಫ್ ಹಾಳೆ ತೆಗೆದುಕೊಂಡೆ. ಉದ್ದ 20 ಚೌಕ, ಅಗಲ 10 ಚೌಕ, ಒಟ್ಟು 200 ಚೌಕದ ಪಟ್ಟಿ ಬರೆದೆ.

‘ದೊಡ್ಡಪ್ಪಾ, ಇದು ಒಂದು ಎಕ್ರೆ ಅಂತ ಇಟ್ಕಳಿ. ಇದನ್ನ ನೂರು ಪಾಲು ಮಾಡಿದ್ರೆ ಒಂದೊಂದಕ್ಕೆ ಎಷ್ಟು ಚೌಕ ಬರ್ತಾವೆ?’

‘ಎರಡು.’

‘ಅದು ಸೆಂಟು. ನಲವತ್ತು ಪಾಲು ಮಾಡಿದ್ರೆ?’

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ‘ಐದು.’

‘ಅದು ಗುಂಟೆ. ಊರ ಹೊಲದಾಗೆ ಮೂರು ಎಕ್ರೆ ಮೇಲೆ 45 ಸೆಂಟು. ಎಷ್ಟು ಚೌಕ?’

‘ತೊಂಬತ್ತು.’ ಹಸಿರು ಪೆನ್ಸಿಲ್‌ನಿಂದ ತೊಂಬತ್ತು ಚೌಕ ತುಂಬಿದೆ. ‘ಜಗಳೂರು ಹೊಲದಾಗೆ ಎರಡು ಎಕ್ರೆ ಮೇಲೆ 22 ಗುಂಟೆ. ಐದರಂಗೆ ಎಷ್ಟಾತು?’ ನೂರಾ ಹತ್ತು. ಕೆಂಪು ಪೆನ್ಸಿಲ್‌ನಿಂದ ತುಂಬುತ್ತಾ ಹೋದೆ. ಕೊನೆಯ ಚೌಕ ತುಂಬಿದಾಗ ಹಾಳೆಯ ಮೇಲೆ ಒಂದು ಚೌಕವೂ ಖಾಲಿ ಉಳಿದಿರಲಿಲ್ಲ.

ದೊಡ್ಡಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡರು. ಒಂದೊಂದು ಸಾಲನ್ನೂ ಬೆರಳಿಟ್ಟು ಎಣಿಸಿದರು. ಎರಡನೇ ಸಲ ಎಣಿಸಿದರು. ನಂತರ ಪಹಣಿ ತರಿಸಿ ‘ಗುಂಟೆ’ ಎಂಬುದನ್ನು ಕಣ್ಣಾರೆ ಓದಿದರು. ಅಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಒಳಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನ ಮುಖ ಸಣ್ಣಗಾಗಿತ್ತು. 22 ಸೆಂಟ್ ಎಂದರೆ ಅವರ ಪಾಲಿಗೂ ಸಣ್ಣ ವಿಷಯವೇನಲ್ಲ.

ಕೊನೆಗೆ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಹಂಗಾರೆ ಈಗ ಹೆಂಗೆ ಹಂಚಬೇಕು?’

ಅದು ತಾನಾಗಿ ಹೊಂದಿಕೊಂಡಿತು. ಅತ್ತೆಗೆ ಊರ ಹೊಲದಲ್ಲಿ ಎರಡು ಎಕರೆ. ಅಲ್ಲಿ ಉಳಿದ 1 ಎಕರೆ 45 ಸೆಂಟ್ ಅಪ್ಪನಿಗೆ. ಅಪ್ಪನಿಗೆ ಇನ್ನು 55 ಸೆಂಟ್ ಬೇಕು, ಅಂದರೆ 110 ಚೌಕ, ಅಂದರೆ ಸರಿಯಾಗಿ 22 ಗುಂಟೆ. ಅದು ಜಗಳೂರಿನಲ್ಲಿ. ಅಲ್ಲಿ ಉಳಿದ ಎರಡು ಎಕರೆ ದೊಡ್ಡಪ್ಪನಿಗೆ. ‘ಮೂರು ಮಂದಿಗೂ ಎರಡೆರಡು. ಇದು ಲೆಕ್ಕ’ ಎಂದರು ದೊಡ್ಡಪ್ಪ. ಪೆನ್ನು ಹಿಡಿದಿದ್ದ ಹಿರಿಯರು ಬಂದಾಗ ಅವರೇ ಹಾಳೆ ತೋರಿಸಿ ವಿವರಿಸಿದರು. ಈಗ ಪೋಡಿಗೆ 11ಇ ನಕ್ಷೆಯ ಅರ್ಜಿ ಹಾಕಿದ್ದಾಗಿದೆ. ಅರ್ಜಿ ತುಂಬುವಾಗ ಪ್ರತಿ ಸಂಖ್ಯೆಯ ಮುಂದೆಯೂ ‘ಸೆಂಟ್’ ಅಥವಾ ‘ಗುಂಟೆ’ ಎಂದು ಅಕ್ಷರದಲ್ಲಿ ಬರೆದಿದ್ದೇನೆ.

ಪರೀಕ್ಷೆಗೆ ಓದುವ ಗೆಳೆಯರಿಗೆ

ಇದೆಲ್ಲ ಮುಗಿದ ಮೇಲೆ ನಾನು ನನ್ನನ್ನೇ ಕೇಳಿಕೊಂಡೆ, ಗೊತ್ತಿದ್ದೂ ತಪ್ಪಿದ್ದು ಯಾಕೆ? ‘ಛೇದ ಸಮ ಮಾಡು’ ಎಂಬುದನ್ನು ನಾನು ಓರೆ ಗುಣಾಕಾರದ ಆಟವಾಗಿ ಕಲಿತಿದ್ದೆ. ಗೆರೆಯ ಮೇಲೊಂದು, ಕೆಳಗೊಂದು ಸಂಖ್ಯೆ ಕಂಡರೆ ಕೈ ತಾನಾಗಿ ಗುಣಿಸುತ್ತಿತ್ತು. ಗೆರೆ ಕಾಣದಿದ್ದಾಗ ನಿಯಮವೂ ನೆನಪಾಗಲಿಲ್ಲ.

ಗೆರೆ ಕಾಣದ ಛೇದಗಳು ಸುತ್ತಲೂ ಇವೆ. ಕ್ರಿಕೆಟ್ ನೋಡುವವರಿಗೆ ಗೊತ್ತು: 3.4 ಓವರ್ ಮತ್ತು 2.5 ಓವರ್ ಕೂಡಿದರೆ 5.9 ಅಲ್ಲ. ಅಲ್ಲಿ ಛೇದ 6. ನಾಲ್ಕು ಮತ್ತು ಐದು ಎಸೆತ ಸೇರಿ ಒಂಬತ್ತು, ಅಂದರೆ ಒಂದು ಓವರ್ ಮತ್ತು ಮೂರು ಎಸೆತ. ಒಟ್ಟು 6.3. ಈ ಲೆಕ್ಕದಲ್ಲಿ ನಮ್ಮಲ್ಲಿ ಯಾರೂ ತಪ್ಪುವುದಿಲ್ಲ, ಯಾಕೆಂದರೆ ಆ ಚುಕ್ಕೆಯ ಆಚೆ ಇರುವುದು ಎಸೆತ ಎಂದು ನಮಗೆ ಗೊತ್ತು. ಹೊಲದ ಚುಕ್ಕೆಯ ಆಚೆ ಏನಿದೆ ಎಂದು ನಾನು ಕೇಳಿಕೊಳ್ಳಲಿಲ್ಲ, ಅಷ್ಟೇ.

ಸ್ಪರ್ಧಾತ್ಮಕ ಪರೀಕ್ಷೆಗಳ ‘ಕೆಲಸ ಮತ್ತು ಕಾಲ’ದ ಲೆಕ್ಕವನ್ನೂ ಹೀಗೇ ನೋಡಬಹುದು. ಒಬ್ಬ 12 ದಿನದಲ್ಲಿ, ಇನ್ನೊಬ್ಬ 18 ದಿನದಲ್ಲಿ ಮುಗಿಸುವ ಕೆಲಸವನ್ನು ಇಬ್ಬರೂ ಸೇರಿ ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಒಂದು ದಿನಕ್ಕೆ 1/12 ಮತ್ತು 1/18. ತುಂಡುಗಳ ಗಾತ್ರ ಬೇರೆ. ಲ.ಸಾ.ಅ. 36. ಕೆಲಸವನ್ನು 36 ಚೌಕ ಎಂದುಕೊಳ್ಳಿ, ನನ್ನ ಗ್ರಾಫ್ ಹಾಳೆಯಂತೆ. ಮೊದಲನೆಯವನು ದಿನಕ್ಕೆ 3 ಚೌಕ, ಎರಡನೆಯವನು 2 ಚೌಕ. ಸೇರಿ 5. ಹಾಗಾದರೆ 36/5, ಅಂದರೆ 7 1/5 ದಿನ. ಕೋಚಿಂಗ್‌ನಲ್ಲಿ ‘ಒಟ್ಟು ಕೆಲಸ ಅಂದರೆ ಲ.ಸಾ.ಅ. ತಗೊಳ್ಳಿ’ ಎಂದು ಹೇಳಿಕೊಡುವ ಶಾರ್ಟ್‌ಕಟ್ ಇದೇ.

ಕಳೆಯುವುದೂ ಹಾಗೆಯೇ. ಒಂದು ನಲ್ಲಿ ತೊಟ್ಟಿಯನ್ನು 6 ಗಂಟೆಯಲ್ಲಿ ತುಂಬುತ್ತದೆ, ತಳದ ತೂತು 10 ಗಂಟೆಯಲ್ಲಿ ಖಾಲಿ ಮಾಡುತ್ತದೆ. ತೊಟ್ಟಿ 30 ಕೊಡ ಎಂದುಕೊಳ್ಳಿ. ಗಂಟೆಗೆ 5 ಕೊಡ ಬರುತ್ತದೆ, 3 ಕೊಡ ಹೋಗುತ್ತದೆ, 2 ಕೊಡ ನಿಲ್ಲುತ್ತದೆ. 15 ಗಂಟೆ. 1/6ರಿಂದ 1/10 ಕಳೆದರೆ 1/15 ಎಂಬುದು ಕಣ್ಣಿಗೆ ಕಾಣುತ್ತದೆ.

ಉತ್ತರ ಪರೀಕ್ಷಿಸಲು ಒಂದು ಸರಳ ಅಭ್ಯಾಸ ಇಟ್ಟುಕೊಳ್ಳಿ. 1/2 ಮತ್ತು 1/3 ಕೂಡಿ 2/5 ಎಂದು ಬರೆದವರು ಒಮ್ಮೆ ನೋಡಲಿ: 2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಏನನ್ನೋ ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗಲು ಸಾಧ್ಯವೇ? ಸರಿಯಾದ ಉತ್ತರ 5/6. ಹಾಗೆಂದು ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡುವುದು ಎಲ್ಲ ಕಡೆಯೂ ತಪ್ಪಲ್ಲ. ಒಂದು ಕಿರುಪರೀಕ್ಷೆಯಲ್ಲಿ 2ಕ್ಕೆ 1 ಅಂಕ, ಇನ್ನೊಂದರಲ್ಲಿ 3ಕ್ಕೆ 1 ಅಂಕ ಬಂದರೆ ಒಟ್ಟು 5ಕ್ಕೆ 2 ಅಂಕವೇ. ಅಲ್ಲಿ ಪ್ರಶ್ನೆಪತ್ರಿಕೆಗಳೇ ಎರಡು, ಇಡಿಯೇ ದೊಡ್ಡದಾಗುತ್ತಾ ಹೋಗುತ್ತದೆ. ಒಂದೇ ಎಕರೆಯ, ಒಂದೇ ತೊಟ್ಟಿಯ, ಒಂದೇ ರೊಟ್ಟಿಯ ತುಂಡುಗಳನ್ನು ಕೂಡುವಾಗ ಹಾಗೆ ಮಾಡುವಂತಿಲ್ಲ. ಲೆಕ್ಕ ಶುರು ಮಾಡುವ ಮುಂಚೆ ‘ಯಾವುದರ ಭಾಗ? ಎಂಥ ಭಾಗ?’ ಎಂದು ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು.

ನನ್ನ ಮಟ್ಟಿಗೆ ಆ ಪ್ರಶ್ನೆ ಕೇಳಿದವಳು ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅತ್ತೆ. ಅವಳ ಬಳಿ ಸೂತ್ರವಿರಲಿಲ್ಲ, ಟ್ರ್ಯಾಕ್ಟರ್‌ನವನ ಬಾಡಿಗೆಯ ನೆನಪಿತ್ತು. ಹೊಲ ಎಷ್ಟು ದೊಡ್ಡದು ಎಂಬುದು ಅವಳ ಕಣ್ಣಲ್ಲಿತ್ತು, ಆದ್ದರಿಂದ ಹಾಳೆಯ ಮೇಲಿನ ಸಂಖ್ಯೆ ಸುಳ್ಳೆಂದು ಅವಳಿಗೆ ಅನುಮಾನ ಬಂತು. ನಿಮ್ಮ ಮನೆಯಲ್ಲೂ ಪಹಣಿ, ಪಾಲು, ಸಾಲ, ಬಡ್ಡಿಯ ಲೆಕ್ಕಕ್ಕೆ ‘ಓದಿದೋರು ನೋಡ್ರಪ್ಪಾ’ ಎಂದು ನಿಮ್ಮ ಕೈಗೇ ಹಾಳೆ ಕೊಡುತ್ತಾರೆ. ನಮ್ಮ ಒಂದು ‘ಸರಿ ಐತೆ’ಯ ಮೇಲೆ ಯಾರದೋ ಪಾಲು ನಿಂತಿರುತ್ತದೆ. ಮೊಬೈಲ್ ತೆಗೆಯುವ ಮೊದಲು ಚುಕ್ಕೆಯ ಆಚೆ ಏನಿದೆ ಎಂದು ಓದಿ.

ಸಂಕ್ರಾಂತಿಗೆ ಊರಿಗೆ ಹೋದಾಗ ನೋಡಿದೆ. ಹಸಿರು ಕೆಂಪು ಚೌಕಗಳ ಆ ಗ್ರಾಫ್ ಹಾಳೆಯನ್ನು ದೊಡ್ಡಪ್ಪ ಪಹಣಿಗಳ ಜೊತೆಗೇ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದಾರೆ.